ಮೊದಲು ಬೆನ್ನು ನೋಡು

ಪುಟ್ಟಿ,

ಮೊನ್ನೆ ರಾತ್ರಿ ನಿನ್ನಮ್ಮ ಫೋನ್ ಮಾಡಿ ಸುದ್ದಿ ಹೇಳಿದಳು. ದಕ್ಷಿಣ ಏಷ್ಯಾ ಮತ್ತು ಹಿಮಾಲಯದ ಕಲಾವಿಭಾಗಕ್ಕೆ ನಿನ್ನನ್ನು ಸಹಾಯಕ ಕ್ಯುರೇಟರ್ ಆಗಿ ತೆಗೆದುಕೊಂಡಿದ್ದಾರಂತೆ. ಅವಳ ದನಿಯಲ್ಲಿ ಸಂತೋಷದ ಜೊತೆ ಗಾಬರಿಯೂ ಇತ್ತು. 'ಅಕ್ಕಾ, ಅಮೆರಿಕದಲ್ಲಿ ಕೂತು ಇವಳು ನಮ್ಮ ದೇವರುಗಳನ್ನ ಕಾಯೋದು ಅಂದರೆ ಏನು?' ಅಂದಳು. ಅದೇ ಪ್ರಶ್ನೆಯನ್ನು ಮೂವತ್ತು ವರ್ಷ ನನಗೆ ನಾನೇ ಕೇಳಿಕೊಂಡಿದ್ದೇನೆ. ಸಿಕ್ಕಷ್ಟು ಉತ್ತರವನ್ನು ನಿನಗೆ ಬರೆಯುತ್ತಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದು.

ನೀನು ಕಾಲೇಜಿನಲ್ಲಿ ಕಲಿತದ್ದು ಮುಂಬದಿ. ತರಗತಿಯ ಪರದೆಯ ಮೇಲೆ ಬೀಳುವ ಚಿತ್ರಕ್ಕೆ ಬೆನ್ನಿರುವುದಿಲ್ಲ, ಪುಸ್ತಕದ ಫೋಟೊಗೂ ಇರುವುದಿಲ್ಲ. ಶೈಲಿ, ಶತಮಾನ, ಮುದ್ರೆ, ಆಯುಧ ಎಲ್ಲವನ್ನೂ ಮುಂದಿನಿಂದಲೇ ಓದಿ ಪಾಸಾಗಬಹುದು. ಮ್ಯೂಸಿಯಂನ ಸ್ಟೋರಿಗೆ ಕಾಲಿಟ್ಟ ದಿನದಿಂದ ಅದು ಸಾಲದು. ಕೈಗವಸು ಹಾಕಿಕೊಂಡು ಯಾವ ವಸ್ತುವಿನ ಮುಂದೆ ನಿಂತರೂ, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು, ಮೊದಲು ಅದರ ಬೆನ್ನು ನೋಡು.

ಇದನ್ನು ನನಗೆ ಕಲಿಸಿದವರು ಪ್ರೊಫೆಸರುಗಳಲ್ಲ, ನಾನು ಕೆಲಸ ಮಾಡಿದ ಮ್ಯೂಸಿಯಂನಲ್ಲಿದ್ದ ಕನ್ಸರ್ವೇಟರ್ ಒಬ್ಬಾಕೆ. ನಾನು ಸೇರಿದ ಮೊದಲ ಚಳಿಗಾಲ. ಟಿಬೆಟಿನ ಬಟ್ಟೆಚಿತ್ರ, ಥಾಂಕಾ ಒಂದನ್ನು ಆಕೆ ಮೆತ್ತನೆಯ ಕಾಗದ ಹಾಸಿದ ಮೇಜಿನ ಮೇಲೆ ಬೋರಲು ಮಲಗಿಸಿದ್ದರು. ಮುಂಬದಿಯ ಬಗ್ಗೆ ನಾನು ಆಗಲೇ ಎರಡು ಪುಟ ಟಿಪ್ಪಣಿ ಬರೆದು ಹೆಮ್ಮೆಯಲ್ಲಿದ್ದೆ. ಆಕೆ ದೀಪ ಹತ್ತಿರ ಎಳೆದುಕೊಂಡು 'ಇಲ್ಲಿ ಬಾ' ಎಂದರು. ಮಾಸಲು ಹತ್ತಿಬಟ್ಟೆಯ ಮೇಲೆ ಕೆಂಪು ಟಿಬೆಟನ್ ಅಕ್ಷರಗಳು, ಒಂದರ ಕೆಳಗೊಂದರಂತೆ ಮೂರು ಮೂರರ ಗುಂಪು. ಓಂ, ಆಃ, ಹೂಂ. ಮುಂದೆ ಬರೆದ ಪ್ರತಿಯೊಂದು ಮೂರ್ತಿಯ ಹಣೆ, ಕಂಠ, ಎದೆಗೆ ಸರಿಯಾಗಿ ಹಿಂದೆ ಆ ಅಕ್ಷರಗಳು ಬಿದ್ದಿದ್ದವು. ಕಾಯ, ವಾಕ್ಕು, ಚಿತ್ತ. ಚಿತ್ರ ಬರೆದು ಮುಗಿಸಿದರೆ ಅದು ಇನ್ನೂ ಬಟ್ಟೆಯ ಮೇಲಿನ ಬಣ್ಣ. ಬೆನ್ನ ಮೇಲೆ ಈ ಅಕ್ಷರ ಬಿದ್ದು ಪ್ರತಿಷ್ಠೆ ನಡೆದ ಮೇಲೆ ಅಲ್ಲಿ ದೇವರು ಬಂದು ಕೂತಂತೆ.

ಆಕೆ ಎಣಿಸಲು ಹೇಳಿದರು. ಹಿಂದೆ ಇಪ್ಪತ್ತೆರಡು ಗುಂಪು. ಚಿತ್ರವನ್ನು ತಿರುಗಿಸಿ ಮುಂದೆ ಎಣಿಸಿದರೆ ಇಪ್ಪತ್ತೊಂದೇ ಮೂರ್ತಿ. ಮೂರು ಸಲ ಎಣಿಸಿದೆ. ಮೇಲ್ಸಾಲಿನ ಬಲತುದಿಯಲ್ಲಿ, ಅಕ್ಷರಗಳಿದ್ದ ಜಾಗಕ್ಕೆ ಸರಿಯಾಗಿ, ಮುಂದೆ ಒಂದು ಚೆಂದದ ಮೋಡ ಇತ್ತು. ಇನ್‌ಫ್ರಾರೆಡ್ ಕ್ಯಾಮೆರಾದ ಕೆಳಗೆ ಇಟ್ಟಾಗ ಆ ಮೋಡದ ಅಡಿಯಲ್ಲಿ ಪದ್ಮಾಸನ ಹಾಕಿ ಕೂತ ಗುರುವೊಬ್ಬರ ರೇಖೆ ಕಂಡಿತು. ಬಣ್ಣ ಉದುರಿದ್ದ ಜಾಗವನ್ನು ಯಾರೋ ಮಾರಾಟಕ್ಕೆ ಮುನ್ನ ಮೋಡ ಬರೆದು ಮುಚ್ಚಿದ್ದರು. ಥಾಂಕಾದ ಮೇಲ್ಸಾಲಿನಲ್ಲಿ ಎಷ್ಟೋ ಸಲ ಗುರುಪರಂಪರೆ ಕೂತಿರುತ್ತದೆ. ಪರಂಪರೆಯ ಕೊನೆಯವರು ಯಾರೆಂದು ಗೊತ್ತಾದರೆ ಚಿತ್ರ ಯಾವ ತಲೆಮಾರಿನದು ಎಂದು ಹೇಳಲು ದಾರಿಯಾಗುತ್ತದೆ. ನಮಗೆ ಕಾಣೆಯಾಗಿದ್ದದ್ದು ಆ ಕೊನೆಯವರೇ. ನನ್ನ ಎರಡು ಪುಟದ ಟಿಪ್ಪಣಿಯಲ್ಲಿ ಆ ಮೋಡದ ಸೊಬಗಿನ ಬಗ್ಗೆ ಒಂದು ವಾಕ್ಯವಿತ್ತು. ಆ ಹಾಳೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಮರುವರ್ಷ ರಜೆಯಲ್ಲಿ ಮೈಸೂರಿಗೆ ಬಂದಾಗ ಆ ಥಾಂಕಾದ ಫೋಟೊ ಹಿಡಿದು ಬೈಲುಕುಪ್ಪೆಗೆ ಹೋದೆ. ಟಿಬೆಟಿನ ಮಠಗಳನ್ನು ಅರಸಿ ಜಗತ್ತಿನ ವಿದ್ವಾಂಸರೆಲ್ಲ ವಿಮಾನ ಹತ್ತಿ ಬರುತ್ತಾರೆ. ನಮಗಾದರೋ ಮೈಸೂರಿನಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿ. 1960ರ ಹೊತ್ತಿಗೆ ಮೈಸೂರು ರಾಜ್ಯ ಅಲ್ಲಿ ಟಿಬೆಟಿನವರಿಗೆ ನೆಲ ಕೊಟ್ಟಿತು. ಲ್ಹಾಸಾದ ಸೆರಾ ಮಠ ಇಲ್ಲಿ ಮತ್ತೆ ಎದ್ದು ನಿಂತಿತು. ಡ್ರೆಪುಂಗ್, ಗಾಂದೆನ್ ಮಠಗಳು ಮುಂಡಗೋಡದಲ್ಲಿವೆ. ಕನ್ನಡದ ಹುಡುಗಿ ಹಿಮಾಲಯದ ಕಲೆಗೆ ಕೈಹಾಕುವುದು ವಿಚಿತ್ರ ಎಂದು ನಿನ್ನ ಹೊಸ ಊರಿನಲ್ಲಿ ಯಾರಾದರೂ ಹುಬ್ಬೇರಿಸಿದರೆ ಇದನ್ನು ಹೇಳು.

ನನಗೆ ಸಿಕ್ಕ ಭಿಕ್ಷು ಕುಶಾಲನಗರದ ಸಂತೆಯಲ್ಲಿ ತರಕಾರಿ ಕೊಳ್ಳುತ್ತ ಕನ್ನಡ ಕಲಿತವರು. ಫೋಟೊ ಕೈಗೆ ಕೊಟ್ಟೆ. ನೋಡುವ ಮೊದಲು ಅದನ್ನು ಹಣೆಗೆ ಒತ್ತಿಕೊಂಡರು. ಬಹಳ ಹೊತ್ತು ಸುಮ್ಮನಿದ್ದು ಎರಡು ಪ್ರಶ್ನೆ ಕೇಳಿದರು. 'ಹಿಂದಿನ ಫೋಟೊ ಎಲ್ಲಿ?' ಎಂಬುದು ಮೊದಲನೆಯದು. ಅದನ್ನೂ ತಂದಿದ್ದೆ, ಬಚಾವಾದೆ. 'ಇದನ್ನ ಅಲ್ಲಿ ಯಾವ ಎತ್ತರದಲ್ಲಿ ಇಟ್ಟಿದ್ದೀರಾ?' ಎಂಬುದು ಎರಡನೆಯದು. ನಮ್ಮ ಸ್ಟೋರಿನಲ್ಲಿ ಥಾಂಕಾಗಳು ಇದ್ದದ್ದು ಎಲ್ಲಕ್ಕಿಂತ ಕೆಳಗಿನ ಡ್ರಾಯರುಗಳಲ್ಲಿ, ಮೊಣಕಾಲಿನ ಮಟ್ಟಕ್ಕೆ. ಹೇಳಿದೆ. ಅವರು ಬೈಯಲಿಲ್ಲ, 'ಮೇಲೆ ಇಡಿ ಅಮ್ಮಾ' ಎಂದರು ಅಷ್ಟೆ. ವಾಪಸು ಹೋದ ವಾರವೇ ಡ್ರಾಯರು ಬದಲಿಸಿದೆ. ಒಂದು ಪೈಸೆ ಖರ್ಚಾಗಲಿಲ್ಲ, ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ನಿನ್ನ ಸ್ಟೋರಿನಲ್ಲಿ ಯಾವುದು ಎಲ್ಲಿದೆ ಎಂದು ಮೊದಲ ತಿಂಗಳಲ್ಲೇ ನೋಡಿಬಿಡು.

ಲೋಹದ ಮೂರ್ತಿಗಳ ಮಾತಿಗೆ ಬಂದರೆ ನೋಡಬೇಕಾದ್ದು ತಳ. ಟಿಬೆಟ್, ನೇಪಾಳದ ಮೂರ್ತಿಗಳ ಒಳಗೆ ಟೊಳ್ಳು ಇರುತ್ತದೆ. ಅದರೊಳಗೆ ಮಂತ್ರ ಬರೆದ ಕಾಗದದ ಸುರುಳಿ, ನಡುವೆ ಪ್ರಾಣದಂಡದಂತೆ ನಿಲ್ಲಿಸಿದ ಕಡ್ಡಿ, ಧಾನ್ಯ, ಅಸ್ಥಿಯ ಕಣ ಇವನ್ನೆಲ್ಲ ತುಂಬಿ ತಾಮ್ರದ ತಗಡಿನಿಂದ ಮುಚ್ಚುತ್ತಾರೆ. ತಗಡಿನ ಮೇಲೆ ವಿಶ್ವವಜ್ರ ಎಂಬ ಚಿಹ್ನೆ ಕೊರೆದಿರುತ್ತದೆ. ಆ ಮುಚ್ಚಳ ಹಾಗೇ ಉಳಿದಿದ್ದರೆ ನಿನ್ನ ಪುಣ್ಯ. ಎಂಥ ಕುತೂಹಲ ಬಂದರೂ ಬಿಚ್ಚಬೇಡ. ಎಕ್ಸ್‌ರೇ ಇದೆ, ಸಿ.ಟಿ. ಸ್ಕ್ಯಾನ್ ಇದೆ, ಒಳಗೇನಿದೆ ಎಂದು ನೋಡಲು ಅಷ್ಟು ಸಾಕು. ಬಹುಪಾಲು ಮೂರ್ತಿಗಳನ್ನು ದಾರಿಯಲ್ಲೇ ಯಾರೋ ಬಿಚ್ಚಿ ಬರಿದು ಮಾಡಿಬಿಟ್ಟಿರುತ್ತಾರೆ. ಹಾಗಿದ್ದರೆ 'ತಳ ಖಾಲಿ' ಎಂದು ಬರೆದು ಸುಮ್ಮನಾಗಬೇಡ. ಮುಚ್ಚಳ ಕಿತ್ತ ಗುರುತು ಹೇಗಿದೆ ಎಂಬುದನ್ನೂ ಬರೆ.

ನಮ್ಮ ದಕ್ಷಿಣದ ಉತ್ಸವಮೂರ್ತಿಗಳದು ಬೇರೆಯೇ ಕಥೆ. ಮೇಣದಲ್ಲಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಎರಕ ಹೊಯ್ದವು, ಒಳಗೆ ಟೊಳ್ಳಿಲ್ಲದ ಗಟ್ಟಿ ಮೂರ್ತಿಗಳು. ಚೋಳರ ಕಾಲದ ಪಾರ್ವತಿಯ ಹಿಂದೆ ನಿಂತು ನೋಡು. ಜಡೆಯ ಸುರುಳಿ, ಕುತ್ತಿಗೆಯಿಂದ ಬೆನ್ನಿಗೆ ಇಳಿಬಿದ್ದ ಹಾರದ ಕುಚ್ಚು, ಸೀರೆಯ ಮಡಿಕೆ ಎಲ್ಲ ಮುಂದಿನಷ್ಟೇ ನಿಗಾದಿಂದ ಮಾಡಿದ್ದಾರೆ. ಮೆರವಣಿಗೆಯಲ್ಲಿ ದೇವರ ಹಿಂದೆ ನಡೆಯುವವರೂ ಇರುತ್ತಾರೆ, ಅವರಿಗೂ ದರ್ಶನ ಆಗಬೇಕು ಎಂದು ಮಾಡಿದವನಿಗೆ ಗೊತ್ತಿತ್ತು. ನಮ್ಮ ಗ್ಯಾಲರಿಯಲ್ಲಿ ಅವಳನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಕೋಣೆಯ ನಡುವಿಗೆ ತರಲು ನನಗೆ ಆರು ವರ್ಷ ಹಿಡಿಯಿತು.

ಈಗ ಹೇಳಲು ಕಷ್ಟವಾಗುವ ಮಾತು. ನಿನ್ನಮ್ಮನಿಗೂ ಇದನ್ನು ಹೇಳಿಲ್ಲ.

ಸೇರಿದ ನಾಲ್ಕನೇ ವರ್ಷ. ದಾನಿಯೊಬ್ಬರು ಕಠ್ಮಂಡು ಕಣಿವೆಯ ಒಂದು ಉಮಾಮಹೇಶ್ವರ ಕಲ್ಲಿನ ಮೂರ್ತಿಯನ್ನು ಕೊಡುತ್ತೇವೆಂದರು. ಮೊಳದೆತ್ತರದ್ದು. ಮುಂದೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ಉಮೆಯ ಮೂಗು ಮುಟ್ಟಿ ಮುಟ್ಟಿ ಸವೆದಿತ್ತು, ಸಂದುಗಳಲ್ಲಿ ಸಿಂಧೂರ ಗಟ್ಟಿಕಟ್ಟಿತ್ತು. ಬೆನ್ನು ನೋಡಿದೆ. ಕೆಳ ಅಂಚಿನಲ್ಲಿ ಹಾರೆ ಹಾಕಿ ಮೀಟಿದ ಮೂರು ಗುರುತು. ಕಲ್ಲಿನ ಹೊಸ ಗಾಯ ಬಿಳುಚಿಕೊಂಡಿರುತ್ತದೆ. ಆ ಮೂರೂ ಬಿಳಿಯಾಗಿದ್ದವು. ಎಣ್ಣೆಯ ಜಿಡ್ಡು ಅವನ್ನು ಇನ್ನೂ ಮುಟ್ಟಿರಲಿಲ್ಲ. ಫೈಲಿನಲ್ಲಿ 'ಯುರೋಪಿನ ಹಳೆಯ ಖಾಸಗಿ ಸಂಗ್ರಹದಿಂದ' ಎಂಬ ಒಂದೇ ಸಾಲು. ಯಾರ ಸಂಗ್ರಹ, ಯಾವ ಊರು, ಯಾವ ಇಸವಿ, ಏನೂ ಇಲ್ಲ. ಸ್ಥಿತಿಯ ವರದಿಯಲ್ಲಿ ನಾನು ಬರೆದದ್ದು 'ಕೆಳ ಅಂಚಿನಲ್ಲಿ ಸಣ್ಣ ಒಡಕು' ಎಂದು. ನಾನು ಕಂಡದ್ದು ಅದಲ್ಲ. ಎಲ್ಲರೂ ಖುಷಿಯಲ್ಲಿದ್ದರು, ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಬಾಯಿ ಬಿಡಲಿಲ್ಲ. ಕ್ಯಾಟಲಾಗಿಗೆ ಅದರ ಬಗ್ಗೆ ಒಳ್ಳೆಯ ಲೇಖನವನ್ನೂ ಬರೆದೆ.

ಹದಿನಾಲ್ಕು ವರ್ಷದ ಮೇಲೆ ನೇಪಾಳದಿಂದ ಒಂದು ಪತ್ರ ಬಂತು, ಒಳಗೆ ಹಳೆಯ ಕಪ್ಪುಬಿಳುಪು ಫೋಟೊ. ಕಲ್ಲಿನ ನೀರಿನ ಧಾರೆ, ಬಿಂದಿಗೆ ಹಿಡಿದು ನಿಂತ ಹುಡುಗಿ, ಪಕ್ಕದ ಗೋಡೆಯ ಗೂಡಿನಲ್ಲಿ ಅದೇ ಉಮಾಮಹೇಶ್ವರ. ಅದೇ ಸವೆದ ಮೂಗು. ಅದು ಮನೆಗೆ ಮರಳಲು ಇನ್ನೂ ಮೂರು ವರ್ಷ ಬೇಕಾಯಿತು. ಆಮೇಲೆ ನಾನೇ ಅಲ್ಲಿಗೆ ಹೋದೆ. ಮೂರ್ತಿಗೆ ಈಗ ಕಬ್ಬಿಣದ ಜಾಲರಿ ಹಾಕಿದ್ದಾರೆ. ಬೆಳಿಗ್ಗೆ ಪೂಜೆಗೆ ಬಂದ ಅಜ್ಜಿಯೊಬ್ಬರು ಜಾಲರಿಯ ಸಂದಿನಿಂದ ಕೈ ತೂರಿಸಿ ಸಿಂಧೂರ ಹಚ್ಚಿದರು. ನಾನು ಯಾರೆಂದು ಜೊತೆಯಲ್ಲಿದ್ದವರು ಹೇಳಿದರು. 'ಇಷ್ಟು ದಿನ ಇವರಿಗೆ ಯಾರು ಹೂವು ಹಾಕುತ್ತಿದ್ದರು?' ಎಂದು ಅಜ್ಜಿ ಕೇಳಿದರಂತೆ. ಯಾರೂ ಹಾಕುತ್ತಿರಲಿಲ್ಲ.

ಬೆನ್ನು ನೋಡಿದರೆ ಸಾಲದು ಪುಟ್ಟಿ, ಕಂಡದ್ದನ್ನು ಕಂಡಂತೆ ಬರೆಯಬೇಕು. ನನ್ನ ಕೆಲಸದಲ್ಲಿ ನನಗೆ ಇವತ್ತಿಗೂ ನೋವು ಕೊಡುವ ವಾಕ್ಯ ಆ ಒಂದೇ, 'ಸಣ್ಣ ಒಡಕು'.

ಇಂಥ ಕಳವು ಒಂದೆರಡಲ್ಲ ಎಂದು ನಿನಗೂ ಗೊತ್ತು. ಪಾಟನ್ನಿನ ಪಾಟ್ಕೊ ಟೋಲೆಯಿಂದ 1984ರಲ್ಲಿ ಕಳವಾದ ವಾಸುದೇವ-ಕಮಲಜಾ, ಅರ್ಧ ವಿಷ್ಣು ಅರ್ಧ ಲಕ್ಷ್ಮಿಯ ಮೂರ್ತಿ, 1990ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಮಾರಾಟವಾಗಿ ಬಹಳ ಕಾಲ ಡಲ್ಲಾಸ್‌ನ ಕಲಾ ಮ್ಯೂಸಿಯಂನಲ್ಲಿತ್ತು. 2021ರಲ್ಲಿ ವಾಪಸು ಹೋಗಿ ಅದೇ ವರ್ಷ ತನ್ನ ಗುಡಿಯಲ್ಲೇ ಕೂತಿತು. ಅದಿಲ್ಲದ ಕಾಲದಲ್ಲಿ ಊರವರು ಬದಲಿ ಮೂರ್ತಿ ಮಾಡಿಸಿ ಪೂಜೆ ನಡೆಸಿಕೊಂಡು ಬಂದಿದ್ದರು. ತಮಿಳುನಾಡಿನ ಶ್ರೀಪುರಂದಾನಿನ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ 50 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಅದೇ ಮೂರ್ತಿ 1994ರಲ್ಲಿ ದೇವಸ್ಥಾನದಲ್ಲೇ ಇದ್ದ ಫೋಟೊ ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿತ್ತು. 2014ರಲ್ಲಿ ಮೂರ್ತಿ ಭಾರತಕ್ಕೆ ಬಂತು. ಯಾರೋ ಒಬ್ಬರು ಬಿಸಿಲಲ್ಲಿ ಊರೂರು ಅಲೆದು ತೆಗೆದಿಟ್ಟ ಒಂದು ಫೋಟೊದ ಶಕ್ತಿ ಅದು. ಹಾಗಾಗಿ ಯಾವುದೇ ವಸ್ತು ನಿನ್ನ ಮೇಜಿಗೆ ಬಂದಾಗ ಕಥೆ ಕೇಳುವ ಮೊದಲು ಈ ಹಳೆಯ ಫೋಟೊ ಸಂಗ್ರಹಗಳನ್ನು ತಡಕು. ಲೈನ್ ಸಿಂಗ್ ಬಂಗ್‌ದೇಲ್ ನೇಪಾಳದ ಕಳವಾದ ಮೂರ್ತಿಗಳ ಬಗ್ಗೆ 1989ರಲ್ಲಿ ಹೊರತಂದ ಪುಸ್ತಕ ಯಾವಾಗಲೂ ಕೈಗೆಟುಕುವ ಕಡೆ ಇರಲಿ.

'1970ಕ್ಕೆ ಮೊದಲು ಹೊರಬಂದದ್ದು, ತೊಂದರೆ ಇಲ್ಲ' ಎನ್ನುವ ಮಾತನ್ನು ನೀನು ಬೇಕಾದಷ್ಟು ಸಲ ಕೇಳುತ್ತೀಯ. ಅದು ಯುನೆಸ್ಕೊ ಒಡಂಬಡಿಕೆಯ ವರ್ಷ, ಮ್ಯೂಸಿಯಂಗಳು ತಮ್ಮ ಅನುಕೂಲಕ್ಕೆ ಎಳೆದುಕೊಂಡ ಗೆರೆ. ನೇಪಾಳದ ಕಾನೂನು 1956ರದು. ಭಾರತದಲ್ಲಿ ಪ್ರಾಚ್ಯವಸ್ತುಗಳ ರಫ್ತಿಗೆ ಕಡಿವಾಣ ಹಾಕಿದ ಕಾಯ್ದೆ 1947ರಲ್ಲೇ ಬಂತು, 1972ರಲ್ಲಿ ಇನ್ನೂ ಬಿಗಿಯಾಯಿತು. ಗುಡಿಯಿಂದ ಕದ್ದದ್ದು ಯಾವ ಇಸವಿಯಲ್ಲಿ ಕದ್ದರೂ ಕದ್ದದ್ದೇ. ನಮ್ಮ ಈ ಕೆಲಸದ ಹಿರಿಯರಾದ ಆನಂದ ಕುಮಾರಸ್ವಾಮಿ 1917ರಲ್ಲಿ ಬಾಸ್ಟನ್ನಿಗೆ ಹೋದಾಗ, ಸ್ಟೆಲಾ ಕ್ರಾಮ್ರಿಷ್ 1950ರ ದಶಕದಲ್ಲಿ ಫಿಲಡೆಲ್ಫಿಯಾಕ್ಕೆ ಹೋದಾಗ ಇದು ಎಲ್ಲಿಂದ, ಹೇಗೆ ಬಂತು ಎಂಬ ಪ್ರಶ್ನೆಯನ್ನು ಇಷ್ಟು ಗಟ್ಟಿಯಾಗಿ ಕೇಳುವವರಿರಲಿಲ್ಲ. ಅವರ ವಿದ್ವತ್ತಿನ ಕಾಲಿನ ಧೂಳಿಗೂ ನಾವು ಸಮನಲ್ಲ. ಎಂಬತ್ತು ದಾಟಿದ ಮೇಲೆ 1981ರಲ್ಲಿ ಕ್ರಾಮ್ರಿಷ್ ಶಿವನ ಮೇಲೆ ಮಾಡಿದ ಪ್ರದರ್ಶನದ ಕ್ಯಾಟಲಾಗನ್ನು ನಾನು ಹರಿಯುವ ತನಕ ಓದಿದ್ದೇನೆ. ಅವರಿಂದ ಓದುವುದನ್ನು ಕಲಿ. ಕೇಳುವುದು ನಿಮ್ಮ ತಲೆಮಾರಿನ ಪಾಲಿಗೆ ಬಂದ ಕೆಲಸ.

ಮಾರಾಟಗಾರರು ಒಳ್ಳೆಯ ಮಾತಿನವರು, ಬಹಳ ತಿಳಿದವರು, ನಿನ್ನ ಲೇಖನಗಳನ್ನು ನಿನಗಿಂತ ಮೊದಲು ಓದಿರುವವರು. ಅವರಿಂದ ಒಂದು ಕಾಫಿಗಿಂತ ಹೆಚ್ಚಿನದನ್ನು ತೆಗೆದುಕೊಳ್ಳಬೇಡ. ಯಾರ ಮನೆಯ ವಸ್ತುವಿಗೂ ಬೆಲೆ ಹೇಳಬೇಡ. ನಿನಗಾಗಿ ಹಳೆಯ ಮೂರ್ತಿ, ಹಳೆಯ ಚಿತ್ರ ಕೊಳ್ಳಲೇಬೇಡ, ಎಷ್ಟೇ ಸಣ್ಣದಿರಲಿ.

ತೊಳೆಯುವ ವಿಷಯದಲ್ಲೂ ಎಚ್ಚರ. ಸಿಂಧೂರ, ಎಣ್ಣೆ, ಅರಿಸಿನ ಇವನ್ನು ಕೊಳೆ ಎಂದು ಕರೆಯುವವರು ಇನ್ನೂ ಇದ್ದಾರೆ. ಅವು ಪೂಜೆ ನಡೆದದ್ದಕ್ಕೆ ಸಾಕ್ಷಿ. ಥಾಂಕಾದ ಸುತ್ತಲ ಜರತಾರಿ ಅಂಚನ್ನು, ಮುಂದಿನ ರೇಷ್ಮೆ ಪರದೆಯನ್ನು ಕತ್ತರಿಸಿ ಎಸೆದು ಗಾಜಿನ ಚೌಕಟ್ಟಿಗೆ ಹಾಕಿದವರೂ ಹೀಗೇ ಯೋಚಿಸಿದವರು. ನಮ್ಮ ಬೀದರಿನ ಬಿದ್ರಿ ಕೆಲಸ ಕಂಡರೆ ನಿನಗೆ ಊರಿನ ನೆನಪಾಗುತ್ತದೆ, ಬೆಳ್ಳಿ ಮಂಕಾಗಿದೆ ಎಂದು ಉಜ್ಜಲು ಯಾರಿಗೂ ಬಿಡಬೇಡ. ಸತುವಿನ ಮೇಲಿನ ಆ ಕಪ್ಪು, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಬರಿಸಿದ್ದು. ಪಾಲಿಷ್ ಹಾಕಿ ತಿಕ್ಕಿದರೆ ಕಪ್ಪೂ ಹೋಗುತ್ತದೆ, ಬೆಳ್ಳಿಗೆ ಹಿನ್ನೆಲೆಯೂ ಇರುವುದಿಲ್ಲ. ಬೆಳಕಿನ ಮಾತು ನಿನಗೆ ಗೊತ್ತೇ ಇದೆ. ಕಾಗದ, ಬಟ್ಟೆಗೆ 50 ಲಕ್ಸ್, ಕೆಲವು ತಿಂಗಳಾದ ಮೇಲೆ ಕತ್ತಲಲ್ಲಿ ವಿಶ್ರಾಂತಿ. ಪ್ರದರ್ಶನ ಇನ್ನೊಂದು ತಿಂಗಳು ಮುಂದುವರಿಯಲಿ ಎಂದು ಮೇಲಿನವರು ಹೇಳಿದರೆ ಆಗುವುದಿಲ್ಲ ಎನ್ನುವವಳು ನೀನೇ ಆಗಿರಬೇಕು.

'ಕಲಾವಿದ: ಅಜ್ಞಾತ' ಎಂದು ಲೇಬಲ್ ಬರೆಯುವ ಮುಂಚೆ ಇನ್ನೊಂದು ಸಲ ಪೀಠ ನೋಡು. ಹೊಯ್ಸಳರ ಶಿಲ್ಪಿಗಳು ಬಳಪದ ಕಲ್ಲಿನ ಮೇಲೆ ತಮ್ಮ ಹೆಸರನ್ನು ಕನ್ನಡದಲ್ಲೇ ಕೊರೆದಿದ್ದಾರೆ. ಬೇಲೂರಿನ ಮದನಿಕೆಯರ ಕಾಲಡಿಯಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ನುಗ್ಗೇಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಮಲ್ಲಿತಮ್ಮನ ಹೆಸರಿದೆ. ಹಳಗನ್ನಡದ ಲಿಪಿ ಓದಲು ಬಾರದವರ ಕೈಗೆ ಇಂಥ ಕಲ್ಲು ಸಿಕ್ಕರೆ ಆ ಹೆಸರು ಬರೀ ಗೀರು. ನೀನು ಟಿಬೆಟನ್ ಕಲಿ, ನೇವಾರಿ ಕಲಿ, ಸಂಸ್ಕೃತವಂತೂ ಬೇಕೇ ಬೇಕು. ಆದರೆ ಶಾಸನದ ಕನ್ನಡವನ್ನು ಮೊದಲು ಕಲಿ. ಅದನ್ನು ಓದಬಲ್ಲವರು ಅಲ್ಲಿ ನಿನ್ನನ್ನು ಬಿಟ್ಟರೆ ಇನ್ನೊಬ್ಬರು ಸಿಗುವುದು ಕಷ್ಟ.

ಇನ್ನು ಗ್ಯಾಲರಿಗೆ ಬರುವವರು. ಒಮ್ಮೆ ದಾವಣಗೆರೆಯ ಕಡೆಯ ಹೆಂಗಸೊಬ್ಬರು ಮಗನ ಜೊತೆ ನಮ್ಮಲ್ಲಿಗೆ ಬಂದಿದ್ದರು. ನಟರಾಜನ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದು ನಿಂತರು. ಕಾವಲಿನ ಹುಡುಗ ಬಾಗಿಲಲ್ಲಿ ಬಿದ್ದ ಜೋಡಿ ಚಪ್ಪಲಿ ಕಂಡು ಗಾಬರಿಯಾಗಿ ವೈರ್‌ಲೆಸ್‌ನಲ್ಲಿ ನನ್ನನ್ನು ಕರೆದ. ಮಗ ನಾಚಿಕೆಯಿಂದ 'ಅಮ್ಮಾ, ಇದು ಮ್ಯೂಸಿಯಮ್ಮು' ಎನ್ನುತ್ತಿದ್ದ. ನಾನು ಹೋಗಿ ಆ ಚಪ್ಪಲಿಗಳ ಪಕ್ಕ ಸುಮ್ಮನೆ ನಿಂತುಕೊಂಡೆ, ಅಮ್ಮ ಮುಗಿಸುವ ತನಕ. ಹೊರಬಂದವರು 'ದೀಪ ಇಲ್ವಲ್ಲಮ್ಮ ಇಲ್ಲಿ' ಎಂದರು. ಎಣ್ಣೆಯ ದೀಪಕ್ಕೆ ಯಾವ ಮ್ಯೂಸಿಯಂ ಒಪ್ಪೀತು? ಆದರೆ ಅವತ್ತಿನಿಂದ ಕಾವಲಿನವರ ತರಬೇತಿಗೆ ಒಂದು ಗಂಟೆ ಸೇರಿಸಿದೆ. ಯಾರಾದರೂ ಕೈಮುಗಿದರೆ, ಪ್ರದಕ್ಷಿಣೆ ಹಾಕಿದರೆ, ನಾಣ್ಯ ಇಟ್ಟರೆ ಏನು ಮಾಡಬೇಕು, ಏನು ಮಾಡಬಾರದು ಎಂದು. ನ್ಯೂಅರ್ಕ್ ಮ್ಯೂಸಿಯಂನಲ್ಲಿ ಒಂದು ಟಿಬೆಟನ್ ಪೂಜಾಪೀಠ ಇದೆ, 1990ರಲ್ಲಿ ದಲೈಲಾಮಾ ಅವರೇ ಪ್ರತಿಷ್ಠೆ ಮಾಡಿದ್ದು. ಅನುಕೂಲವಾದಾಗ ಹೋಗಿ ಅಲ್ಲಿ ಜನ ಹೇಗೆ ನಿಲ್ಲುತ್ತಾರೆ ಎಂದು ಒಂದು ಮಧ್ಯಾಹ್ನ ಕೂತು ನೋಡು.

ಡಿಸೆಂಬರಿನಲ್ಲಿ ಊರಿಗೆ ಬರುತ್ತೀಯ ಎಂದು ನಿನ್ನಮ್ಮ ಹೇಳಿದಳು. ಬಂದಾಗ ಬೆಳಗಿನ ಬಸ್ಸಿಗೆ ಬೈಲುಕುಪ್ಪೆಗೆ ಹೋಗೋಣ. ಆ ಭಿಕ್ಷು ಇನ್ನೂ ಇದ್ದಾರೆ, ಕಣ್ಣು ಸ್ವಲ್ಪ ಮಂಜಾಗಿದೆ. ನಿನ್ನ ಮ್ಯೂಸಿಯಂನ ಥಾಂಕಾಗಳಲ್ಲಿ ನಿನಗೆ ಅರ್ಥವಾಗದ್ದು ಯಾವುದೋ ಅದರ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಾ. ಎರಡೂ ಬದಿಯದು.

ನಿನ್ನ ದೊಡ್ಡಮ್ಮ